ಕೇಳುಗರ ಬಳಗ ಮುಚ್ಚುವ ಮುಂಚೆ

ಕೆ.ಆರ್. ಪುರ
2 ಫೆಬ್ರವರಿ 2025

ತಂಗಿ ತೇಜಶ್ರೀಗೆ,

ಹದಿನೇಳು ವರ್ಷದಿಂದ ನಿನಗೆ ಬರೀತಾನೇ ಇದೀನಿ, ಆದ್ರೆ ಪೆನ್ನು ಹಿಡಿದು ಬರೀತಿರೋದು ಇದೇ ಮೊದಲು. ಅಕ್ಷರ ನೋಡಿ ನಗಬೇಡ. ವಿಮಾನಪುರದ ಕಾರ್ಖಾನೇಲಿ ಮೂವತ್ತಾರು ವರ್ಷ ರಿವೆಟ್ ಹೊಡೆದ ಕೈ, ಹಾಳೆ ಮೇಲೆ ನೆಟ್ಟಗೆ ಓಡಲ್ಲ. ನಿನ್ನ ಹುಬ್ಬಳ್ಳಿ ಕ್ವಾರ್ಟರ್ಸ್ ವಿಳಾಸ ನಮ್ಮ ಬಳಗದ ರಯಾನ್ ಕೊಟ್ಟ.

ವಿಷಯ ನೇರವಾಗಿ ಹೇಳ್ಬಿಡ್ತೀನಿ. ನಮ್ಮ ಬಳಗ ಮುಚ್ತಾ ಇದೆ. ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಯವರು ಹಳೇ ಫೋರಂಗಳನ್ನೆಲ್ಲ ತೆಗೀತಿದಾರಂತೆ. ಮಾರ್ಚ್ 31, ಮಧ್ಯಾಹ್ನ ಹನ್ನೆರಡಕ್ಕೆ ಕೊನೆ. ಒಬ್ಬರಿಗೊಬ್ಬರು ಖಾಸಗಿಯಾಗಿ ಬರೆಯೋ ಪೆಟ್ಟಿಗೆ ನಿನ್ನೆಯಿಂದಲೇ ಬಂದ್ ಆಯ್ತು, ಅದಕ್ಕೇ ಈ ಕಾಗದ. ಬೇರೆ ಕಡೆ ಸಾಗಿಸೋಣ ಅಂತ ಎರಡು ವಾರ ಒದ್ದಾಡಿದೆ. ಆಗಲಿಲ್ಲ. ಅರವತ್ತೊಂದು ಸಾವಿರ ಬರಹ ಇದಾವೆ ತಂಗಿ. ಒಂದೊಂದೇ ಪುಟ ಇಳಿಸಿ ಇಟ್ಕೊಳ್ತಿದೀನಿ. ಆದ್ರೆ ಪೆಟ್ಟಿಗೇಲಿಟ್ಟ ಬಳಗ ಬಳಗ ಅಲ್ವಲ್ಲ.

ನಿನಗೆ ಜ್ಞಾಪಕ ಇರಬೇಕು. 2007ರಲ್ಲಿ ಒಂದು ಸೈಬರ್ ಸೆಂಟರಲ್ಲಿ ಕೂತು, 'ಬಿ. ಚಂದ್ರವದನ ಅನ್ನೋ ಗಾಯಕಿಯ ಹಾಡು ಯಾರಾದ್ರೂ ಕೇಳಿದೀರಾ?' ಅಂತ ಒಂದೇ ಒಂದು ಸಾಲು ಹಾಕಿದ್ದೆ. ನಲವತ್ಮೂರು ಸಿನಿಮಾ ಹಾಡು ಹಾಡಿ, ಮೂವತ್ತೊಂದಕ್ಕೇ ಗಂಟಲು ಹೋಗಿ, ಯಾರಿಗೂ ಬೇಡವಾದ ಹೆಂಗಸು. ಯಾರು ಕೇಳಿರ್ತಾರೆ? ನಾಲ್ಕು ತಿಂಗಳು ಒಂದು ಉತ್ತರ ಇಲ್ಲ. ಮೊದಲನೇ ಉತ್ತರ ನಿನ್ನದು. 'ನಮ್ಮಪ್ಪ ಕೇಳಿದಾರೆ. ಅವರಿಗೆ ಎಲ್ಲಾ ಹಾಡೂ ಬರುತ್ತೆ.' ಅಷ್ಟೇ. ಆ ಸಾಲು ಓದಿ ನಾನು ಸೈಬರ್ ಸೆಂಟರಿಂದ ಎದ್ದು ಹೊರಗೆ ಬಂದು ಸುಮ್ನೆ ನಿಂತ್ಕೊಂಡಿದ್ದೆ.

ಕೊನೇ ಸಲ ಎಲ್ಲರೂ ಸೇರೋಣ. ಮಾರ್ಚ್ 23, ಭಾನುವಾರ, ನಮ್ಮ ಮನೇಲಿ. ಮೊದಲನೇ ಕೂಟ ಆದ ಜಾಗದಲ್ಲೇ ಕೊನೇದೂ ಆಗಲಿ. ನೀನು ಬರಲೇಬೇಕು.

ಇಂತಿ ನಿನ್ನಣ್ಣ
ಮುನೀಂದ್ರ


ಹುಬ್ಬಳ್ಳಿ
11 ಫೆಬ್ರವರಿ 2025

ಮುನೀಂದ್ರಣ್ಣನಿಗೆ ನಮಸ್ಕಾರ.

ನಿಮ್ಮ ಕಾಗದ ಸಿಕ್ತು. ಓದಿ ಎರಡು ದಿನ ಯಾರ ಹತ್ತಿರವೂ ಹೇಳಲಿಲ್ಲ. ಹೇಳೋದು ಯಾರಿಗೆ? ಇಲ್ಲಿ ನನ್ನ ಜೊತೆ ಕೆಲಸ ಮಾಡೋರಿಗೆ ಬಳಗ ಅಂದ್ರೆ ಏನು ಅಂತ ಹೇಗೆ ತಿಳಿಸೋದು? ಯಾರಾದರೂ ಸತ್ತಿದ್ದರೆ ರಜ ಕೊಡ್ತಾರೆ.

ನಿಮ್ಮ ಆ ಒಂದು ಸಾಲನ್ನ ನಾನು ಹಲಸೂರಲ್ಲಿ ಅಪ್ಪನಿಗೆ ಓದಿ ಹೇಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅಪ್ಪ ಶಿವಾಜಿನಗರದ ಟಾಕೀಸಿನಲ್ಲಿ ಗೇಟ್‌ಕೀಪರ್ ಆಗಿದ್ದವರು. ಸಿನಿಮಾ ನೋಡಿದ್ದು ಕಡಿಮೆ, ಬಾಗಿಲ ಹೊರಗೆ ನಿಂತು ಕೇಳಿದ್ದೇ ಹೆಚ್ಚು. ದಿನಕ್ಕೆ ನಾಲ್ಕು ಆಟ, ಒಂದು ಚಿತ್ರ ಹತ್ತು ವಾರ ಓಡಿದರೆ ಆ ಹಾಡು ಎಷ್ಟು ಸಲ ಆಯ್ತು ನೋಡಿ. 'ಚಂದ್ರವದನಮ್ಮನ್ನ ಕೇಳೋರು ಇನ್ನೂ ಇದಾರಾ?' ಅಂತ ಕೇಳಿ, ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ಅಲ್ಲೇ ಹಾಡೋಕೆ ಶುರು ಮಾಡಿದರು. ಅಮ್ಮ ಅಂಜಿನಮ್ಮ ಅಡುಗೆಮನೆಯಿಂದ 'ಮೊದ್ಲು ಉಣ್ಣು, ಆಮೇಲೆ ಹಾಡು' ಅಂತ ಬೈದರು.

'ಬೆಳಕು' ಜಗಳ ನೆನಪಿದೆಯಾ? ನೀರಿನ ಕೊಡದ ಹಾಡಿನ ಎರಡನೇ ಚರಣ. ನೀವೆಲ್ಲ 'ಬೆಳಕು ಬಂತು' ಅಂತ, ಅಪ್ಪ ಒಬ್ಬರೇ 'ಬೆಳಗು ಬಂತು' ಅಂತ. ಒಂಬತ್ತು ಪುಟ ಜಗಳ. ಮೂರು ವರ್ಷ ಆದಮೇಲೆ ಇನಾಯತ್ ಉಲ್ಲಾ ಸಾಬರ ಹಳೇ ಹಾಡಿನ ಅಂಗಡಿಯಲ್ಲಿ ಆ ರೆಕಾರ್ಡು ಸಿಕ್ಕಿ, ಹಾಕಿ ನೋಡಿದರೆ ಬೆಳಗು. ಅವತ್ತು ನೀವು 'ಚಿಕ್ಕವೆಂಕಟಪ್ಪನವರ ಕಿವಿಗೆ ಬಳಗದ ನಮಸ್ಕಾರ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದಿರಿ. ಅಪ್ಪ ಅದನ್ನ ಪ್ರಿಂಟ್ ಹಾಕಿಸಿ ಷರಟಿನ ಜೇಬಲ್ಲಿ ಇಟ್ಟುಕೊಂಡು ತಿರುಗಿದರು.

ಕೂಟಕ್ಕೆ ಬರೋದು ಕಷ್ಟ ಆಗಬಹುದು ಅಣ್ಣ. ಮಾರ್ಚ್ ಅಂದರೆ ನಮಗೆ ರಜ ಸಿಗಲ್ಲ. ಅಥವಾ ಎಲ್ಲರೂ ಕಬ್ಬನ್ ಪಾರ್ಕಲ್ಲೋ ಹಲಸೂರು ಕೆರೆ ದಂಡೆಯಲ್ಲೋ ಸೇರಿದರೆ ಆಗಲ್ವಾ? ನಿಮಗೂ ತೊಂದರೆ ತಪ್ಪುತ್ತೆ.

ತೇಜಶ್ರೀ


ಕೆ.ಆರ್. ಪುರ
18 ಫೆಬ್ರವರಿ 2025

ತಂಗಿಗೆ,

ತೊಂದ್ರೆ ಏನು ಬಂತು? ಮನೆ ಅಂತ ಯಾತಕ್ಕಿರೋದು? ಪಾರ್ಕಲ್ಲಿ ಸೇರೋಕೆ ನಾವೇನು ವಾಕಿಂಗ್ ಬಂದೋರಾ? ಸುಕನ್ಯ ಆಗ್ಲೇ ಇಪ್ಪತ್ತೈದು ಜನಕ್ಕೆ ಅಡುಗೆ ಯೋಚನೆ ಮಾಡ್ತಿದಾಳೆ. ನಿನ್ನತ್ತಿಗೆಗೆ ನಮ್ಮ ಬಳಗದ ತಲೆಬುಡ ಗೊತ್ತಿಲ್ಲ, ಆದ್ರೂ 'ಆ ಹಲಸೂರಿನ ಹುಡುಗಿ ಬರ್ತಾಳಾ?' ಅಂತ ಕೇಳಿದಳು.

ಮೊನ್ನೆ ಇನಾಯತ್ ಸಾಬರನ್ನ ನೋಡೋಕೆ ಹೋಗಿದ್ದೆ. ರಸೆಲ್ ಮಾರುಕಟ್ಟೆ ಹಿಂದಿನ ಆ ಗೂಡಂಗಡಿ ಹಾಗೇ ಇದೆ, ಸಾಬರಿಗೆ ಮಾತ್ರ ಕಿವಿ ಪೂರ್ತಿ ಹೋಗಿದೆ. ಬಳಗ ಮುಚ್ತಿದೆ ಅಂತ ಚೀಟೀಲಿ ಬರೆದು ತೋರಿಸಿದೆ. ಓದಿ, ಚೀಟಿ ಮಡಚಿ ವಾಪಸ್ ಕೊಟ್ಟು, 'ನನಗೆ ಮೊದಲೇ ಮುಚ್ಚಿತ್ತು ಮುನೀಂದ್ರ' ಅಂದ್ರು. ನನಗೆ ತಡೆಯಕ್ಕಾಗಲಿಲ್ಲ. ಹೂವಿನ ಅಂಗಡಿ ಸಾಲಲ್ಲಿ ಜನ ಓಡಾಡ್ತಿದ್ರು, ಅಲ್ಲೇ ಅತ್ತುಬಿಟ್ಟೆ.

ಒಂದು ವಿಷಯ ನಿನಗೆ ಆಮೇಲೆ ಹೇಳೋಣ ಅಂತಿದ್ದೆ, ಇರಲಿ, ಈಗಲೇ ಹೇಳ್ತೀನಿ. ನಿಮ್ಮಪ್ಪನ ಫೋಟೋ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೀನಿ. ತಿಳಿನೀಲಿ ಷರಟಲ್ಲಿ ನಿಂತು ಹಾಡ್ತಿರೋದು. ನಮ್ಮ ಹಾಲಲ್ಲಿ, ನಮ್ಮಪ್ಪ ಮುನಿನಾರಾಯಣಪ್ಪನ ಫೋಟೋ ಪಕ್ಕದಲ್ಲೇ ಹಾಕ್ತೀನಿ. ಕೂಟದ ದಿನ ನೀನು ಬಂದು ಹಾರ ಹಾಕ್ಬೇಕು. ನಲವತ್ಮೂರರಲ್ಲಿ ಇಪ್ಪತ್ತೊಂಬತ್ತು ಹಾಡಿನ ಸಾಹಿತ್ಯ ಅವರ ಬಾಯಿಂದ ಬಂದಿದ್ದು. ಅವರಿಲ್ದೆ ಈ ಬಳಗ ಎಲ್ಲಿತ್ತು?

ಅಮ್ಮನಿಗೆ ಈಗ ಎಂಬತ್ತಾರು. ನನ್ನನ್ನೇ ಗುರುತು ಹಿಡಿಯಲ್ಲ, ಒಂದೊಂದು ಸಲ ನಮ್ಮಪ್ಪ ಅನ್ಕೊಂಡು ಮಾತಾಡ್ತಾಳೆ.

ರಜ ಸಿಗಲ್ಲ ಅನ್ನೋ ಮಾತು ಬಿಡು. ರೈಲ್ವೆಯವಳಿಗೆ ರೈಲು ಸಿಗಲ್ವಾ?

ಮುನೀಂದ್ರಣ್ಣ


ಹುಬ್ಬಳ್ಳಿ
26 ಫೆಬ್ರವರಿ 2025

ಅಣ್ಣ,

ನನಗೆ ಬರೋಕೆ ಆಗಲ್ಲ. ಅಪ್ಪನ ಫೋಟೋ ನಿಮ್ಮ ಹಾಲಲ್ಲಿ ಹಾಕಬೇಡಿ. ದಯವಿಟ್ಟು.

ಬಳಗದ ಕೊನೇ ಪುಟಕ್ಕೆ ಅಂತ ಅಪ್ಪನ ಬಗ್ಗೆ ಬರೀತಾ ಇದೀನಿ. ನಾಲ್ಕು ಪುಟ ಆಗಿದೆ, ಇನ್ನೂ ಸರಿ ಬಂದಿಲ್ಲ. ಮುಚ್ಚೋ ಮುಂಚೆ ಹಾಕ್ತೀನಿ. ನನ್ನ ಪಾಲಿನ ಕೂಟ ಅದೇ ಅಂತ ತಿಳ್ಕೊಳಿ.

ತೇಜಶ್ರೀ


ಕೆ.ಆರ್. ಪುರ
5 ಮಾರ್ಚ್ 2025

ತೇಜಶ್ರೀಗೆ,

ನಿನ್ನ ಮೂರು ಸಾಲು ಓದಿ ಬೇಜಾರಾಯ್ತು. ಸುಳ್ಳು ಯಾಕೆ ಹೇಳಲಿ, ಸಿಟ್ಟೂ ಬಂತು.

ಫೋಟೋ ಹಾಕಬೇಡಿ ಅಂದ್ರೆ ಏನರ್ಥ? ನಾನೇನು ನಿಮ್ಮಪ್ಪನ್ನ ಅಂಗಡಿ ಬೋರ್ಡಿಗೆ ಹಾಕ್ತಿದೀನಾ? 2019ರಲ್ಲಿ ಅವರು ಹೋದ್ಮೇಲೆ ನೀನು ಬದಲಾಗಿಬಿಟ್ಟೆ. ಬಳಗದಲ್ಲಿ ತಿಂಗಳಿಗೊಂದು ಸಾಲು ಬರೀತಿದ್ದೆ, ಅದೂ ಯಾರಾದ್ರೂ ಕೇಳಿದ್ರೆ. ಇಷ್ಟು ವರ್ಷದಲ್ಲಿ ಆರು ಸಲ ಕೂಟ ಸೇರಿದೀವಿ, ನೀನು ಬಂದಿದ್ದು ಮೊದಲನೇದಕ್ಕೆ ಮಾತ್ರ. ಪ್ರತಿ ಸಲ ಒಂದು ನೆಪ. ಪರೀಕ್ಷೆ, ವರ್ಗ, ಅಮ್ಮನ ಆರೋಗ್ಯ. ನಾನು ಒಂದಕ್ಕೂ ಎದುರು ಮಾತಾಡಲಿಲ್ಲ. ದೊಡ್ಡ ಕೆಲಸ ಸಿಕ್ತು, ನಮ್ಮಂಥ ಹಳೇ ಹಾಡಿನ ಹುಚ್ಚರು ಬೇಡವಾದ್ವಿ ಅನ್ಕೊಂಡೆ. ಅದನ್ನಾದ್ರೂ ಹೇಳ್ಬಿಡು.

ನಿಮ್ಮಪ್ಪ ಇದ್ದಿದ್ರೆ ಖಂಡಿತ ಬರ್ತಿದ್ರು. ನಮ್ಮನೆ ಅಂದ್ರೆ ಅವರಿಗೆ ಎಷ್ಟು ಅಭಿಮಾನ ಇತ್ತು ಅಂತ ನನಗೆ ಗೊತ್ತು.

ಮುನೀಂದ್ರ


ಹುಬ್ಬಳ್ಳಿ
12 ಮಾರ್ಚ್ 2025

ಮುನೀಂದ್ರಣ್ಣ,

ನಿಮ್ಮ ಕಾಗದದ ಕೊನೇ ಸಾಲು ಇಲ್ಲದಿದ್ದರೆ ನಾನು ಇದನ್ನ ಬರೀತಿರಲಿಲ್ಲ. ಬರೀಬಾರದು ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ. ಹದಿನಾಲ್ಕು ವರ್ಷ ಉಳಿಸಿಕೊಂಡೆ, ಇವತ್ತು ಮುರೀತಿದೀನಿ.

2011ರ ಜುಲೈ, ನಿಮ್ಮ ಮನೇಲಿ ಮೊದಲನೇ ಕೂಟ. ಆ ತಿಳಿನೀಲಿ ಷರಟು ಅಪ್ಪ ಅದಕ್ಕಂತಲೇ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ತಂದಿದ್ದು. ನಿಮ್ಮ ಪಡಸಾಲೆಯ ಮರದ ಬೆಂಚಿನ ತುದೀಲಿ ಕೂತಿದ್ದರು. ನೀವು ಒಳಗೆ ರೆಕಾರ್ಡರ್ ಜೋಡಿಸ್ತಿದ್ದಿರಿ. ನಿಮ್ಮ ತಾಯಿ ಅಕ್ಕಯಮ್ಮನವರು ಬಂದು ಅಪ್ಪನ್ನ ಮಾತಾಡಿಸಿದರು.

'ಯಾವೂರೋರಪ್ಪ?'

'ಹಲಸೂರು, ತಾಯಿ.'

'ಹಲಸೂರಲ್ಲಿ ಎಲ್ಲಿ?'

ಅಪ್ಪ ನಮ್ಮ ಕೇರಿಯ ಹೆಸರು ಹೇಳಿದರು. ಅವರು ಅದನ್ನ ಯಾವತ್ತೂ ಎಲ್ಲೂ ಮುಚ್ಚಿಟ್ಟವರಲ್ಲ. ನಿಮ್ಮ ತಾಯಿ 'ಹೂಂ' ಅಂದು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಕಾಫಿ ಬಂತು. ಎಲ್ಲರಿಗೂ ಸ್ಟೀಲ್ ಲೋಟ. ನಮ್ಮಿಬ್ಬರಿಗೆ ಪೇಪರ್ ಕಪ್ಪು. ಲೋಟ ಸಾಲಲಿಲ್ಲವೇನೋ ಅಂತ ನಾನಂದುಕೊಂಡೆ. ಅಪ್ಪನ ಮುಖ ನೋಡಿದೆ, ಅವರು ಹಾಗಂದುಕೊಂಡಿರಲಿಲ್ಲ. ಆದರೂ ಕುಡಿದರು. ಕುಡಿದು, ಎದ್ದು ನಿಂತು ಹಾಡಿದರು. ರಯಾನ್ ಗಿಟಾರ್ ನುಡಿಸಿದ. ನೀವು ಕಣ್ಣು ಮುಚ್ಚಿಕೊಂಡು ಕೇಳ್ತಿದ್ದಿರಿ.

ಹೊರಟು ಗೇಟು ದಾಟಿದಾಗ ಅಪ್ಪನ ಚಪ್ಪಲಿ ಬಾರು ಕಿತ್ತಿತು. ಕಾಂಪೌಂಡಿನ ಪಕ್ಕ ನಿಂತು ಸರಿ ಮಾಡಿಕೊಳ್ತಿದ್ದರು. ಒಳಗೆ ನೀರು ಸುರಿಯೋ ಸದ್ದಾಯ್ತು. ತಿರುಗಿ ನೋಡಿದೆವು. ನಿಮ್ಮ ತಾಯಿ ಬಿಂದಿಗೆ ಹಿಡಿದು ಬೆಂಚು ತೊಳೀತಿದ್ದರು. ಇಡೀ ಬೆಂಚಲ್ಲ. ಅಪ್ಪ ಕೂತಿದ್ದ ತುದಿ ಮಾತ್ರ.

ಬಸ್ಸಲ್ಲಿ ಟಿನ್ ಫ್ಯಾಕ್ಟರಿ ಸ್ಟಾಪು ಬಂದಾಗ ಅಪ್ಪ ನನ್ನ ಕಡೆ ತಿರುಗಿದರು. ಆಮೇಲೆ ಹೇಳಿದರು: 'ಆ ಮುನೀಂದ್ರ ಒಳ್ಳೇನು ಕಣಮ್ಮ. ಒಳಗಿದ್ದ, ಏನೂ ನೋಡಿಲ್ಲ. ನೀನು ಇದನ್ನ ಬರೆದು ಅವನ ಮನಸ್ಸು ಮುರೀಬೇಡ. ಹದಿನೈದು ಹೇಳಿದೀನಿ, ಇನ್ನೂ ಹದಿನಾಲ್ಕು ಹಾಡು ಹೇಳೋದು ಬಾಕಿ ಇದೆ.'

ಆ ಹದಿನಾಲ್ಕನ್ನ ಎಂಟು ವರ್ಷದಲ್ಲಿ ಹೇಳಿದರು. ಕೊನೇ ಎರಡು ಹಾಸಿಗೆ ಮೇಲೆ ಮಲಗಿಕೊಂಡು, ಒಂದೊಂದು ಪದಕ್ಕೆ ಉಸಿರು ತಗೊಂಡು. ನನಗೆ ಟೈಪ್ ಮಾಡೋಕೆ ಮನಸ್ಸಿರಲಿಲ್ಲ. ಜಗಳ ಆಡಿದೀನಿ. 'ಅವರ ಮನೆ ಬೆಂಚು ಬೇರೆ, ಬಳಗ ಬೇರೆ' ಅಂತಿದ್ದರು. ಬಳಗದಲ್ಲಿ ನೀವು ಅವರನ್ನ 'ಗುರುಗಳೇ' ಅಂತಿದ್ದಿರಲ್ಲ, ಅದೊಂದು ಪದ ಪ್ರತಿ ಸಲ ನನ್ನ ಕೈಯಲ್ಲಿ ಓದಿಸಿಕೊಳ್ತಿದ್ದರು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಅಣ್ಣ. ನಿಮಗೆ ಗೊತ್ತಿರಲಿಲ್ಲ. ಆದರೆ ಆ ಮನೆ ಹೊಸಿಲು ನಾನು ತುಳಿಯಲ್ಲ. ಅಪ್ಪನ ಫೋಟೋನೂ ಅಲ್ಲಿರಬಾರದು. ಈಗ ಅರ್ಥ ಆಯ್ತಲ್ಲ.

ತೇಜಶ್ರೀ


ಕೆ.ಆರ್. ಪುರ
19 ಮಾರ್ಚ್ 2025

ತಂಗಿ,

ನಾಲ್ಕು ಸಲ ಬರೆದು ಹರಿದು ಹಾಕಿದೆ.

ನನಗೆ ಗೊತ್ತಿತ್ತು.

ಅವತ್ತು ಅಮ್ಮ ರೂಮಿಗೆ ಬಂದು 'ಅಂಗಡಿಗೋಗಿ ಪೇಪರ್ ಕಪ್ ತಗೊಂಡ್ಬಾ' ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಮನೇಲಿ ಮದುವೆಗೆ ತಂದ ಐವತ್ತು ಲೋಟ ಇದ್ದವು. ಕೇಳಿದ್ರೆ ಅವಳು ಹೇಳ್ತಾಳೆ, ಹೇಳಿದ್ರೆ ನಾನು ಏನಾದ್ರೂ ಮಾಡ್ಬೇಕು. ಅದಕ್ಕೇ ಕೇಳಲಿಲ್ಲ. ಹಿಂದಿನ ಬಾಗಿಲಿಂದ ಹೋಗಿ ಒಂದು ಕಟ್ಟು ತಂದ್ಕೊಟ್ಟೆ. ಎರಡು ತೆಗೆದುಕೊಂಡು ಮಿಕ್ಕಿದ್ದು ಅಟ್ಟಕ್ಕೆ ಹಾಕಿದಳು.

ಬೆಂಚು ತೊಳೆಯೋವಾಗ ನಾನು ಕಿಟಕೀಲಿ ನಿಂತಿದ್ದೆ. ಕೈಯಲ್ಲಿ ರೆಕಾರ್ಡರ್ ಇತ್ತು, ನಿಮ್ಮಪ್ಪನ ಹಾಡು ಸರಿಯಾಗಿ ಬಂದಿದೆಯಾ ಅಂತ ಕೇಳ್ತಿದ್ದೆ. ನೀವು ಹೊರಟುಹೋದ್ರಿ, ನಿಮಗೆ ಗೊತ್ತಾಗಲ್ಲ, ಯಾರಿಗೂ ನೋವಾಗಲ್ಲ ಅನ್ಕೊಂಡೆ. ವಯಸ್ಸಾದೋಳು, ಹಳೇ ಕಾಲದೋಳು, ತಿದ್ದಕ್ಕಾಗಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಆಮೇಲೆ ಕಂಪ್ಯೂಟರ್ ಮುಂದೆ ಕೂತು ನಿಮ್ಮಪ್ಪನಿಗೆ 'ಗುರುಗಳೇ' ಅಂತ ಬರೆದೆ. ಆ ಪದ ಮೊದಲನೇ ಸಲ ಬರೆದಿದ್ದು ಅವತ್ತೇ ಸಂಜೆ. ಬೇಕಾದ್ರೆ ತೆಗೆದು ನೋಡು, ತಾರೀಖು ಇದೆ.

ಈ ಸಲ ನೀನು ಬಂದ್ರೆ ನಾನೇ ಕೈಯಾರೆ ಊಟ ಬಡಿಸಿ, ಫೋಟೋ ಹಾಲಲ್ಲಿ ಹಾಕಿ, ನಿನಗೆ ಗೊತ್ತಾಗದ ಹಾಗೇ ಎಲ್ಲ ಸರಿ ಮಾಡ್ಬಿಡೋಣ ಅನ್ಕೊಂಡಿದ್ದೆ. ಮನೇಲೇ ಕೂಟ ಆಗ್ಬೇಕು ಅಂತ ಹಠ ಹಿಡಿದಿದ್ದು ಅದಕ್ಕೇ. ನಿಮ್ಮಪ್ಪ ನನ್ನನ್ನ ಒಳ್ಳೇನು ಅಂದ್ರು ಅಂತ ನೀನು ಬರೆದಿದೀಯಲ್ಲ, ಆ ಸಾಲಿಗೆ ಬಂದಾಗ ಓದೋಕಾಗದೆ ಕಾಗದ ಮಡಚಿಟ್ಟೆ.

ಭಾನುವಾರದ ಕೂಟ ಬೇಡ ಅಂತ ಎಲ್ಲರಿಗೂ ತಿಳಿಸಿದೀನಿ. ಅಮ್ಮನ್ನ ಕೇಳೋಣ ಅಂದ್ರೆ ಅವಳಿಗೆ ಬೆಂಚೂ ಜ್ಞಾಪಕ ಇಲ್ಲ, ನಾನೂ ಜ್ಞಾಪಕ ಇಲ್ಲ. ಏನು ಮಾಡಿದ್ರೆ ಸರಿಹೋಗುತ್ತೆ ಹೇಳು. ಏನಾದ್ರೂ ಮಾಡ್ತೀನಿ.

ಮುನೀಂದ್ರ


ಕೆ.ಆರ್. ಪುರ
27 ಮಾರ್ಚ್ 2025

ತಂಗಿ,

ನಿನ್ನ ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ದಾರಿ ಕಾದೆ. ಬರಲ್ಲ ಅಂತ ನಿನ್ನೆ ಅರ್ಥ ಆಯ್ತು.

ನಿನ್ನೆ ಬೆಳಿಗ್ಗೆ ಬಳಗದಲ್ಲಿ ಎಲ್ಲಾ ಬರೆದು ಹಾಕ್ಬಿಟ್ಟೆ. ನಿಮ್ಮಪ್ಪನ ಹೆಸರು, ಅಮ್ಮನ ಹೆಸರು, ಪೇಪರ್ ಕಪ್ಪು, ಬೆಂಚು, ಕಿಟಕೀಲಿ ನಾನು ನಿಂತಿದ್ದು, ಏನೂ ಬಿಡಲಿಲ್ಲ. ಹೋಗೋ ಮುಂಚೆ ಬಳಗದ ಎದುರಿಗೆ ತಪ್ಪು ಒಪ್ಪಿಕೊಳ್ಳೋಣ ಅಂತ. ಇಷ್ಟು ವರ್ಷ ಸುಮ್ನಿದ್ದೋರೆಲ್ಲ ಬಂದು ಬರೀತಿದಾರೆ. ಬೈದೋರೂ ಇದಾರೆ. 'ಹೋಗೋ ಹೊತ್ತಲ್ಲಿ ಜಾತಿ ಮಾತು ಯಾಕೆ ತಂದ್ರಿ' ಅಂತ ಒಬ್ರು ಕೇಳಿದ್ರು. ಆದ್ರೆ ಬಹಳ ಜನ 'ಒಪ್ಪಿಕೊಳ್ಳೋಕೆ ಧೈರ್ಯ ಬೇಕು, ದೊಡ್ಡ ಮನಸ್ಸು' ಅಂತ ಬರೆದಿದಾರೆ. ಸ್ವಲ್ಪ ಎದೆ ಹಗುರ ಆಯ್ತು. ನೀನೂ ನೋಡಿರ್ತೀಯ ಅನ್ಕೊಂಡಿದೀನಿ. ಒಂದು ಸಾಲು ಬರಿ. ಬೈದ್ರೂ ಸರಿ.

ಸೋಮವಾರ ಹನ್ನೆರಡಕ್ಕೆ ಮುಚ್ಚುತ್ತೆ.

ನಿನ್ನಣ್ಣ


ಹುಬ್ಬಳ್ಳಿ
3 ಏಪ್ರಿಲ್ 2025

ಮುನೀಂದ್ರ ಅವರಿಗೆ,

ನೀವು ಬರೆದದ್ದನ್ನ ನೋಡಿದೆ. ಟಿಕೆಟ್ ಕೌಂಟರಲ್ಲಿ ಕೂತು ಫೋನಲ್ಲಿ ಓದಿದೆ. ನನ್ನನ್ನ ಒಂದು ಮಾತು ಕೇಳಲಿಲ್ಲ ನೀವು. ಅದು ನಮ್ಮಪ್ಪ ಬಸ್ಸಲ್ಲಿ ನನಗೊಬ್ಬಳಿಗೆ ಹೇಳಿದ ಮಾತು. ಅಮ್ಮನಿಗೂ ಗೊತ್ತಿರಲಿಲ್ಲ. ಯಾರೋ ಅದನ್ನ ನನ್ನ ತಮ್ಮ ಸೂರ್ಯನಿಗೆ ಕಳಿಸಿ, ಅವನು ಅಮ್ಮನಿಗೆ ಓದಿ ಹೇಳಿದ. ಅಮ್ಮ ಫೋನ್ ಮಾಡಿ, 'ಆ ನೀಲಿ ಷರಟು ಆಮೇಲೆ ಒಂದು ದಿನಾನೂ ಹಾಕ್ಲಿಲ್ಲ, ಯಾಕೆ ಅಂತ ನಂಗೀಗ ತಿಳೀತು' ಅಂದರು. ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟರು.

ಅಪ್ಪನ ಬಗ್ಗೆ ಬರೆದಿದ್ದ ನಾಲ್ಕು ಪುಟ ನಾನು ಹಾಕಲಿಲ್ಲ. ಎಲ್ಲಿ ಹಾಕಲಿ? ಹಾಕೋಕೆ ಅಂತ ತೆಗೆದರೆ ಸಾಲುಗಟ್ಟಿ ಜನ ನಿಮ್ಮನ್ನ ಸಮಾಧಾನ ಮಾಡ್ತಿದ್ದರು. ಅದರ ಕೆಳಗೆ ಕೊಡದ ಹಾಡಿನ ಕಥೆ ಹೇಳಲಾ? ಹದಿನೆಂಟು ವರ್ಷದ ಬಳಗದ ಕೊನೇ ಪುಟದಲ್ಲಿ ಅಪ್ಪ ಹಾಡಿದ್ದು ಇಲ್ಲ. ಅಪ್ಪ ಕೂತ ಜಾಗ ತೊಳೆದಿದ್ದು ಇದೆ. ಅಷ್ಟೂ ಜನರಲ್ಲಿ ನನಗೆ ಫೋನ್ ಮಾಡಿದ್ದು ರಯಾನ್ ಒಬ್ಬನೇ.

ಸೋಮವಾರ ನನಗೆ ಬೆಳಗಿನ ಪಾಳಿ. ಹನ್ನೊಂದೂ ಐವತ್ತಕ್ಕೆ ಬಳಗ ತೆಗೆದಿಟ್ಟುಕೊಂಡು ಕೂತಿದ್ದೆ. ನಿಮ್ಮ ಬರಹ ದಾಟಿ ಹಿಂದೆ ಹಿಂದೆ ಹೋದೆ. 2008ಕ್ಕೆ. 'ನಮ್ಮಪ್ಪ ಕೇಳಿದಾರೆ' ಅನ್ನೋ ನನ್ನ ಸಾಲು ಸಿಕ್ಕಿತು. ಅದನ್ನೇ ನೋಡ್ತಿದ್ದೆ. ಒಂದು ಸಲ ಬೆರಳು ತಾಗಿ ಪುಟ ಹೊಸದಾಗಿ ಬರೋಕೆ ಹೋಯ್ತು, ಬರಲಿಲ್ಲ. ಬಿಳೀ ಪರದೆ. ಕಿಟಕಿ ಆಚೆ ಹಬ್ಬದ ಬಟ್ಟೆ ಹಾಕಿಕೊಂಡ ಒಂದು ಸಂಸಾರ ನಿಂತಿತ್ತು. 'ಅರಸೀಕೆರೆಗೆ ಮೂರು ಕೊಡ್ರಿ ಅಕ್ಕಾರ' ಅಂದರು. ಕೊಟ್ಟೆ.

ನಿಮ್ಮ ತಾಯಿ ಮೇಲೆ ನನಗೆ ಹೇಳೋದೇನೂ ಉಳಿದಿಲ್ಲ. ಅವರು ಏನು ಮಾಡಿದರೋ ಅದನ್ನ ಬಯಲಲ್ಲೇ ಮಾಡಿದರು. ನಿಮ್ಮನ್ನ ಅಪ್ಪ ನಂಬಿದ್ದರು. ನಂಬಿಕೊಂಡೇ ಹೋದರು. ಅವರಿಗೆ ಗೊತ್ತಾಗಲಿಲ್ಲವಲ್ಲ ಅಂತ ಒಂದು ದಿನ ನೆಮ್ಮದಿ ಅನಿಸುತ್ತೆ, ಇನ್ನೊಂದು ದಿನ ಅದೇ ಕಾರಣಕ್ಕೆ ಹೊಟ್ಟೆ ಉರಿಯುತ್ತೆ.

ಅಪ್ಪನ ದನಿ ಇರೋ ರೆಕಾರ್ಡಿಂಗ್‌ಗಳೆಲ್ಲ ಸೂರ್ಯನ ಹೆಸರಿಗೆ ಪೋಸ್ಟಲ್ಲಿ ಕಳಿಸಿ. ಫೋಟೋನೂ ಅದರ ಜೊತೆಗೇ ಕಳಿಸಿ. ನೀವು ತಗೊಂಡು ಹಲಸೂರಿನ ಮನೆಗೆ ಹೋಗಬೇಡಿ. ಅಮ್ಮ ನಿಮ್ಮನ್ನ ಒಳಗೆ ಕರೆದು ಕೂರಿಸ್ತಾರೆ. ಅದು ನನಗೆ ಬೇಡ.

ಏನು ಮಾಡಿದ್ರೆ ಸರಿಹೋಗುತ್ತೆ ಅಂತ ಕೇಳಿದ್ದಿರಿ. ಈಗ ಮಾಡೋಂಥದ್ದು ಏನೂ ಇಲ್ಲ. ಅವತ್ತು ಆ ಕಿಟಕಿಯಿಂದ 'ಯಾಕಮ್ಮ ತೊಳೀತಿದೀಯ, ಬಿಡು' ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅಪ್ಪ ಗೇಟಿನ ಹತ್ತಿರವೇ ಇದ್ದರು. ಅವರಿಗೆ ಕೇಳಿಸ್ತಿತ್ತು.

ಜೈಭೀಮ್.

ತೇಜಶ್ರೀ